ಇಂಗಿನ ಡಬ್ಬಿಯಲ್ಲಿ ಗೋಧಿ

ತಿಳಿಸಾರಿನಲ್ಲಿ ಗೋಧಿ ಇದೆ ಎಂದರೆ ಅಡುಗೆ ಮಾಡುವ ಯಾರೂ ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಬೇಳೆಯ ಕಟ್ಟು, ಹುಣಸೆ ರಸ, ಸಾರಿನ ಪುಡಿ, ಕರಿಬೇವು, ಮೇಲೊಂದು ತುಪ್ಪದ ಒಗ್ಗರಣೆ. ಇಷ್ಟರಲ್ಲಿ ಗೋಧಿ ಎಲ್ಲಿಂದ ಬಂತು? ಒಗ್ಗರಣೆಗೆ ಹಾಕಿದ ಚಿಟಿಕೆ ಇಂಗಿನಿಂದ ಬಂತು. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡವೊಂದರ ಬೇರಿನಿಂದ ಒಸರುವ ಅಂಟು. ಅಪ್ಪಟ ಇಂಗಿನ ಘಾಟು ತಡೆಯಲಾರದಷ್ಟು ಜೋರು. ಹಾಗಾಗಿ ತಯಾರಕರು ಅದಕ್ಕೆ ಗೋಂದು, ಪಿಷ್ಟ, ಹಿಟ್ಟು ಬೆರೆಸಿ ಪುಡಿ ಮಾಡುತ್ತಾರೆ. ಕಾನೂನು ಕೂಡ ಇದಕ್ಕೆ ‘ಕಾಂಪೌಂಡೆಡ್’ ಇಂಗು ಎಂಬ ಹೆಸರಿಟ್ಟು ಅನುಮತಿ ಕೊಟ್ಟಿದೆ. ಕೆಲವರು ಬೆರೆಸುವುದು ಅಕ್ಕಿ ಹಿಟ್ಟು. ಇನ್ನು ಹಲವು ಡಬ್ಬಿಗಳಲ್ಲಿರುವುದು ಗೋಧಿ ಹಿಟ್ಟು ಇಲ್ಲವೇ ಮೈದಾ. ಡಬ್ಬಿಯ ಹಿಂಬದಿಯಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿಯೂ ಇರುತ್ತದೆ.

ಸಾಮಾನ್ಯರಿಗೆ ಇದರಿಂದ ಏನೂ ಆಗದು. ಆದರೆ ಸೀಲಿಯಾಕ್ ಕಾಯಿಲೆ ಇರುವವರಿಗೆ ಆ ಹಿಂಬದಿಯ ಸಾಲು ವೈದ್ಯರು ಬರೆದುಕೊಟ್ಟ ಚೀಟಿಯಷ್ಟೇ ಮುಖ್ಯ. ಈ ಕಾಯಿಲೆಗೆ ಮಾತ್ರೆ ಇಲ್ಲ, ಚುಚ್ಚುಮದ್ದು ಇಲ್ಲ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬದುಕಿರುವಷ್ಟು ಕಾಲವೂ ದೂರವಿಡುವುದೊಂದೇ ಚಿಕಿತ್ಸೆ. ತಿನ್ನುವುದರಲ್ಲಿ ಏನಿದೆ ಎಂದು ತಿಳಿಯದಿದ್ದರೆ ಆ ಚಿಕಿತ್ಸೆಯೇ ನಡೆಯುವುದಿಲ್ಲ.

ಗ್ಲುಟೆನ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ಅದರ ಗುಣ ಕನ್ನಡದ ಮನೆಗಳಿಗೆ ಚೆನ್ನಾಗಿ ಗೊತ್ತು. ಯುಗಾದಿಯ ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಒಬ್ಬಟ್ಟಿಗೆ ಕಣಕ ಕಲಸುವುದನ್ನು ನೋಡಿದರೆ ಸಾಕು. ಮೈದಾ ಅಥವಾ ಚಿರೋಟಿ ರವೆಗೆ ನೀರು ಹಾಕಿ, ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಮುಳುಗುವಂತೆ ಬಿಟ್ಟು ಗಂಟೆಗಟ್ಟಲೆ ನೆನೆಸುತ್ತಾರೆ. ಆಮೇಲೆ ಅದನ್ನು ಎಳೆದರೆ ಹರಿಯದೆ ಹಿಗ್ಗುತ್ತದೆ. ನಿಂಬೆ ಗಾತ್ರದ ಕಣಕ ಅದರ ಎರಡರಷ್ಟು ಹೂರಣವನ್ನು ತೆಳ್ಳಗೆ ಸುತ್ತಿಕೊಂಡು ನಿಲ್ಲುತ್ತದೆ. ಆ ಹಿಗ್ಗುವಿಕೆಯೇ ಗ್ಲುಟೆನ್‌ನ ಕೆಲಸ. ಗೋಧಿಯ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಕುಡಿದು, ನಾದಿದಂತೆಲ್ಲ ಒಂದಕ್ಕೊಂದು ಹೆಣೆದುಕೊಂಡು ಜಾಲವಾಗುತ್ತವೆ. ಬ್ರೆಡ್ ಉಬ್ಬುವುದು, ಪರೋಟ ಪದರಪದರವಾಗಿ ಏಳುವುದು, ಚಪಾತಿಯನ್ನು ಮಡಿಸಿದರೂ ಮುರಿಯದಿರುವುದು ಎಲ್ಲವೂ ಈ ಜಾಲದಿಂದ.

ಇದರ ಎದುರು ಜೋಳದ ರೊಟ್ಟಿಯನ್ನು ನೋಡಬೇಕು. ಜೋಳದಲ್ಲಿ ಈ ಜಾಲ ಹೆಣೆಯುವ ಪ್ರೋಟೀನು ಇಲ್ಲ. ತಣ್ಣೀರು ಹಾಕಿ ಕಲಸಿದರೆ ಹಿಟ್ಟು ಕೂಡುವುದಿಲ್ಲ, ಲಟ್ಟಿಸಹೋದರೆ ಅಂಚು ಸೀಳುತ್ತದೆ. ಅದಕ್ಕೇ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕುದಿಯುವ ಎಸರು ಹಾಕಿ ಹಿಟ್ಟಿನ ಪಿಷ್ಟವನ್ನು ಅಂಟಾಗಿಸಿಕೊಳ್ಳುತ್ತಾರೆ, ಬಿಸಿ ಇರುವಾಗಲೇ ನಾದುತ್ತಾರೆ, ಕೈಯಲ್ಲಿ ಬಡಿದು ಅಗಲ ಮಾಡುತ್ತಾರೆ. ಗ್ಲುಟೆನ್ ಇಲ್ಲದ ಹಿಟ್ಟನ್ನು ರೊಟ್ಟಿಯಾಗಿಸುವ ಈ ವಿದ್ಯೆಗೆ ತಲೆತಲಾಂತರದ ವಯಸ್ಸಿದೆ. ಗ್ಲುಟೆನ್ ಅನ್ನು ಬೇರ್ಪಡಿಸಿ, ಅದೊಂದು ವಸ್ತು ಎಂದು ವಿವರಿಸಿದ ಕೀರ್ತಿ ಇಟಲಿಯ ಬೊಲೊನ್ಯದ ಜಾಕೊಪೊ ಬೆಕಾರಿಗೆ ಸಲ್ಲುತ್ತದೆ. ಅವರು 1728ರಲ್ಲಿ ಅಲ್ಲಿನ ವಿದ್ವತ್ಸಭೆಯ ಮುಂದೆ ತೋರಿಸಿದ್ದು ಇಷ್ಟೇ: ಗೋಧಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತಾ ತೊಳೆದರೆ ಬಿಳಿಯ ಪಿಷ್ಟವೆಲ್ಲ ಹಾಲಿನಂತೆ ಇಳಿದುಹೋಗಿ, ಕೈಯಲ್ಲಿ ರಬ್ಬರಿನಂಥ ಜಿಗುಟು ಮುದ್ದೆ ಉಳಿಯುತ್ತದೆ. ಗೋಧಿ ಹಾಲು ಹಿಂಡಿ ಹಲ್ವ ಮಾಡುವವರು ಎಸೆಯುವ ಗಸಿಯಲ್ಲಿ ಇರುವುದೂ ಅದೇ.

ಇಂಥ ನಿರುಪದ್ರವಿ ಪದಾರ್ಥ ಕೆಲವರಿಗೆ ಏಕೆ ಆಗಿಬರುವುದಿಲ್ಲ? ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ ಲಕ್ಷಾಂತರ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಊಟದ ಸಾರವನ್ನು ಹೀರಿಕೊಳ್ಳುವುದು ಆ ಎಳೆಗಳು. ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವವರಲ್ಲಿ ಕೆಲವರಿಗೆ, ಪೂರ್ತಿ ಜೀರ್ಣವಾಗದ ಗ್ಲುಟೆನ್ ತುಣುಕುಗಳನ್ನು ಕಂಡರೆ ದೇಹದ ರಕ್ಷಣಾ ಪಡೆ ಕೆರಳಿ ತನ್ನದೇ ಕರುಳಿನ ಮೇಲೆ ಬೀಳುತ್ತದೆ. ಎಳೆಗಳು ಸವೆದು ಒಳಮೈ ನುಣ್ಣಗಾಗುತ್ತದೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಮಗುವಾದರೆ ಪದೇ ಪದೇ ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ಏರದ ಎತ್ತರ. ದೊಡ್ಡವರಲ್ಲಿ ಹಲವು ಸಲ ಭೇದಿಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ನೀಗದ ರಕ್ತಹೀನತೆ, ಬೇಗ ಸವೆಯುವ ಮೂಳೆ, ಸದಾ ಸುಸ್ತು ಇಷ್ಟೇ ಕಾಣಿಸಬಹುದು. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಸ್ವಂತ ದೇಹದ ಮೇಲೆ ದೇಹವೇ ತಿರುಗಿಬೀಳುವ ಕಾಯಿಲೆ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯ ಲಕ್ಷಣಗಳನ್ನು ವಿವರವಾಗಿ ಬರೆದರು. ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಎಂದೂ ಅವರಿಗೆ ಹೊಳೆದಿತ್ತು. ಯಾವ ಪಥ್ಯ ಎಂಬುದು ಗೊತ್ತಾಗಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿ ಬದುಕಿಸಿದರು. ಬಾಳೆಹಣ್ಣಿನಲ್ಲೇ ಔಷಧವಿದೆ ಎಂದು ಬಹುಕಾಲ ಜನ ನಂಬಿದ್ದರು. ನಿಜವಾಗಿ ಆ ಮಕ್ಕಳು ಚೇತರಿಸಿಕೊಂಡದ್ದು ಬಾಳೆಹಣ್ಣಿನ ಪಥ್ಯದಲ್ಲಿ ಬ್ರೆಡ್ಡಿಗೆ ಜಾಗ ಇರಲಿಲ್ಲವಾದ್ದರಿಂದ.

ಗುಟ್ಟು ಬಿಡಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ದಿ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ 1930ರ ದಶಕದಲ್ಲೇ ಬ್ರೆಡ್ಡಿನ ಮೇಲೆ ಅನುಮಾನ ಬಂದಿತ್ತು. ಗೋಧಿ ಬಿಟ್ಟ ಪಥ್ಯವನ್ನು ಕೆಲವು ಮಕ್ಕಳ ಮೇಲೆ ಪ್ರಯೋಗಿಸಿ, 1941ರಲ್ಲಿ ಡಚ್ ಭಾಷೆಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲೆ ಬಂದದ್ದು 1944-45ರ ಚಳಿಗಾಲ. ಜರ್ಮನ್ ಸೇನೆ ಆಹಾರ ಸಾಗಣೆಯನ್ನು ತಡೆದಿತ್ತು. ಪಶ್ಚಿಮ ನೆದರ್ಲೆಂಡ್ಸಿನ ಪಟ್ಟಣಗಳಲ್ಲಿ ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು, ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಬ್ರೆಡ್ ಕಾಣೆಯಾದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳ ಸ್ಥಿತಿ ಕೆಡಲಿಲ್ಲ, ಸುಧಾರಿಸಿತು. ಮತ್ತೆ ಬ್ರೆಡ್ ಬಂದಾಗ ಕಾಯಿಲೆಯೂ ಮರಳಿತು. ಕ್ಷಾಮದಲ್ಲಿ ಆಕಸ್ಮಿಕವಾಗಿ ಸಿಕ್ಕ ಆವಿಷ್ಕಾರ ಎಂದು ಈ ಕತೆಯನ್ನು ಹೇಳುವುದು ವಾಡಿಕೆ. ಡಿಕ್ಕೆಯವರ ಮಟ್ಟಿಗೆ ಅದು ಅನ್ಯಾಯದ ಮಾತು. ಕ್ಷಾಮಕ್ಕೂ ವರ್ಷಗಳ ಮೊದಲಿನಿಂದ ಒಂದೊಂದೇ ಮಗುವಿನ ತೂಕ, ಮಲ, ಊಟ ಬರೆದಿಡುತ್ತಾ ಬಂದವರಿಗೆ ಆ ಚಳಿಗಾಲ ಕೊಟ್ಟದ್ದು ದೊಡ್ಡ ಪುರಾವೆಯನ್ನು ಮಾತ್ರ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಪ್ರಬಂಧ, 1953ರ ವೇಳೆಗೆ ರಸಾಯನ ವಿಜ್ಞಾನಿ ವಾನ್ ಡಿ ಕಾಮರ್ ಮತ್ತು ವೈದ್ಯ ವೈಯರ್ಸ್ ಜತೆ ಮಾಡಿದ ಕೆಲಸ, ಇವೆರಡರಿಂದ ತಪ್ಪು ಗೋಧಿಯ ಪಿಷ್ಟದ್ದಲ್ಲ, ಗ್ಲುಟೆನ್‌ನದ್ದು ಎಂದು ಖಚಿತವಾಯಿತು.

ಇದು ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ ಎಂಬ ನಂಬಿಕೆ ಭಾರತದಲ್ಲಿ ಬಹಳ ಕಾಲ ಇತ್ತು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅದಕ್ಕೆ ಉತ್ತರ ಕೊಟ್ಟಿತು. ಹರಿಯಾಣ, ಅಸ್ಸಾಂ ಮತ್ತು ತಮಿಳುನಾಡಿನ ವೆಲ್ಲೂರು ಭಾಗದ 23,331 ವಯಸ್ಕರನ್ನು ಪರೀಕ್ಷಿಸಿದಾಗ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಕಾಯಿಲೆ ಕಂಡಿತು. ವಂಶವಾಹಿಯಲ್ಲಿ ಇಷ್ಟು ಅಂತರ ಇರಲಿಲ್ಲ. ಮೂರೂ ಕಡೆ ಮೂರನೇ ಒಂದು ಭಾಗದಷ್ಟು ಜನರಲ್ಲಿ ಆ ವಂಶವಾಹಿಗಳಿದ್ದವು. ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು ತಿನ್ನುತ್ತಿದ್ದದ್ದು 25 ಗ್ರಾಂ.

ಕರ್ನಾಟಕದವರು ಈ ಅಂಕಿಗಳನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ಸಾವಿರಕ್ಕೆ ಒಬ್ಬರು ಎಂದರೂ ಒಂದು ತಾಲೂಕಿಗೆ ನೂರಾರು ಮಂದಿ ಆಗುತ್ತಾರೆ. ಅಪರೂಪದ ಕಾಯಿಲೆ ಎಂಬ ಕಾರಣಕ್ಕೇ ಇಲ್ಲಿ ಅದರ ಅನುಮಾನ ಬರುವುದು ತಡ. ಉತ್ತರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬಗಳೂ ಸಾಕಷ್ಟಿವೆ. ತಟ್ಟೆಯೂ ಮೊದಲಿನಂತಿಲ್ಲ. ಸಕ್ಕರೆ ಕಾಯಿಲೆ ಎಂದ ಕೂಡಲೇ ರಾತ್ರಿ ಅನ್ನ ಬಿಟ್ಟು ಚಪಾತಿಗೆ ಬದಲಾಗುವುದು ಮನೆಮನೆಯ ರೂಢಿಯಾಗಿದೆ. ಮಕ್ಕಳಿಗೆ ಬರುವ ಟೈಪ್ 1 ಮಧುಮೇಹ ಮತ್ತು ಸೀಲಿಯಾಕ್ ಎರಡೂ ಒಂದೇ ಮಗುವಿನಲ್ಲಿ ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಹೆಚ್ಚು. ಅಂಥ ಮಗುವಿಗೆ ಪರೀಕ್ಷೆಯನ್ನೂ ಮಾಡಿಸದೆ ಮೂರು ಹೊತ್ತೂ ಚಪಾತಿ ಕೊಡುವುದು ಸರಿಯಲ್ಲ.

ಹಾಗಾದರೆ ಎಷ್ಟು ಗ್ಲುಟೆನ್ ಅಪಾಯ? ಲೇಬಲ್ಲಿನ ಕಾನೂನೆಲ್ಲ ಈ ಪ್ರಶ್ನೆಯ ಸುತ್ತ ನಿಂತಿದೆ. 2007ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗವೊಂದರಲ್ಲಿ, ಸೀಲಿಯಾಕ್ ಇರುವವರು ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಗ್ಲುಟೆನ್ ತೆಗೆದುಕೊಂಡಾಗ ಕರುಳಿನ ಎಳೆಗಳಿಗೆ ಹಾನಿಯಾದದ್ದು ಕಂಡಿತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುತೇಕರಿಗೆ ತೊಂದರೆಯಿಲ್ಲ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಮಾಮೂಲಿ ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು ಎರಡು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಆ ಮಿತಿಯ ಇನ್ನೂರು ಪಟ್ಟು. ಇಂಗಿನ ವಿಷಯಕ್ಕೆ ಬಂದರೆ, ಕಾಲು ಗ್ರಾಂ ಇಂಗಿನಲ್ಲಿ ಅರ್ಧ ಮೈದಾ ಎಂದಿಟ್ಟುಕೊಂಡರೂ ಒಂದು ಪಾತ್ರೆ ಸಾರಿಗೆ ಸೇರುವ ಗ್ಲುಟೆನ್ ಸುಮಾರು 10 ಮಿಲಿಗ್ರಾಂ. ನಾಲ್ವರು ಹಂಚಿಕೊಂಡರೆ ತಲೆಗೆ ಎರಡೂವರೆ. ಒಂದು ಹೊತ್ತಿನ ಸಾರಿನಿಂದಲೇ ಯಾರೂ ಹಾಸಿಗೆ ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಊಟದಲ್ಲಿ ಇಂಗು ಒಂದೇ ಕಡೆ ಇರುವುದಿಲ್ಲ. ಹುಳಿಯಲ್ಲಿದೆ, ಉಪ್ಪಿನಕಾಯಿಯಲ್ಲಿದೆ, ಹಪ್ಪಳದಲ್ಲಿದೆ, ಮಜ್ಜಿಗೆಯ ಒಗ್ಗರಣೆಯಲ್ಲಿದೆ. ದಿನಾ ಇದೆ. ಎಲ್ಲ ಕೂಡಿಸಿದರೆ ಮಿತಿ ದಾಟುವುದು ಕಷ್ಟವೇನಲ್ಲ.

ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ಗೊತ್ತುಪಡಿಸುವ ಕೋಡೆಕ್ಸ್ ಆಯೋಗ 2008ರಲ್ಲಿ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಅದನ್ನು ‘ಗ್ಲುಟೆನ್ ಫ್ರೀ’ ಎನ್ನಬಹುದು ಎಂದಿತು. ಅಮೆರಿಕದ ಎಫ್‌ಡಿಎ 2013ರಲ್ಲಿ ಇದೇ ಮಿತಿಯನ್ನು ಒಪ್ಪಿಕೊಂಡಿತು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವೂ 20 ಮಿಲಿಗ್ರಾಂ ಎನ್ನುತ್ತದೆ. 20ರಿಂದ 100ರವರೆಗೆ ಇದ್ದರೆ ಅದು ‘ಲೋ ಗ್ಲುಟೆನ್’, ಸೀಲಿಯಾಕ್ ಇರುವವರಿಗೆ ಅಪಾಯವಾಗಬಹುದೆಂಬ ಎಚ್ಚರಿಕೆ ಅದರ ಮೇಲೆ ಇರಬೇಕು. ಆಸ್ಟ್ರೇಲಿಯಾ ಇನ್ನೂ ಬಿಗಿ. ಪರೀಕ್ಷೆಯಲ್ಲಿ ಗ್ಲುಟೆನ್ ಕಾಣಲೇಬಾರದು ಎನ್ನುತ್ತದೆ ಅಲ್ಲಿನ ಕಾನೂನು.

ಭಾರತದ 2020ರ ಲೇಬಲಿಂಗ್ ನಿಯಮಾವಳಿ ಇನ್ನೊಂದು ಉಪಕಾರ ಮಾಡಿದೆ. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮುಂತಾದವು ಇದ್ದರೆ ಪದಾರ್ಥಗಳ ಪಟ್ಟಿಯ ಜತೆಗೆ ‘ಕಂಟೇನ್ಸ್’ ಎಂದು ಆರಂಭವಾಗುವ ಪ್ರತ್ಯೇಕ ಸಾಲಿನಲ್ಲಿ ಅದನ್ನು ಹೇಳಲೇಬೇಕು. ಅದೇ ಕಾರ್ಖಾನೆಯಲ್ಲಿ ಸೋಂಕುವ ಸಂಭವ ಇದ್ದರೆ ‘ಮೇ ಕಂಟೇನ್’ ಎನ್ನಬೇಕು. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಹೆಚ್ಚು ಇರುವುದು ಮೊದಲು. ಈ ಒಂದು ಸಂಗತಿ ಗೊತ್ತಿದ್ದರೆ ಸಿರಿಧಾನ್ಯದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಪೊಟ್ಟಣಗಳ ಬಂಡವಾಳ ಬಯಲಾಗುತ್ತದೆ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರ ಇರುವ ಬಿಸ್ಕೆಟ್ಟಿನ ಪಟ್ಟಿಯಲ್ಲಿ ಮೊದಲು ಮೈದಾ ಅಥವಾ ಗೋಧಿ ಹಿಟ್ಟು ಇರುವುದು, ನವಣೆ ನೂಡಲ್ಸಿನಲ್ಲಿ ಗೋಧಿ ಇರುವುದು, ‘ಮಲ್ಟಿಗ್ರೇನ್’ ಬ್ರೆಡ್ಡಿನ ಬಹುಪಾಲು ಗೋಧಿಯೇ ಆಗಿರುವುದು ಅಂಗಡಿಯಲ್ಲಿ ದಿನವೂ ಕಾಣುವ ಸಂಗತಿ. ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿರುವುದು ಸಾಮಾನ್ಯವಾಗಿ ಬಾರ್ಲಿ. ಬೀದಿಬದಿಯ ಗೋಬಿ ಮಂಚೂರಿಗೆ ಹಿಟ್ಟಾಗಿ ಮೈದಾ ಬೀಳುತ್ತದೆ, ಮೇಲೆ ಸುರಿಯುವ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಬೆಳೆಯುವ ಸದಕ ಗೋಧಿ ಅಥವಾ ಕಪ್ಲಿ ಮಧುಮೇಹಿಗಳಿಗೆ ಒಳ್ಳೆಯದೆಂದು ಈಗ ನಗರಗಳಲ್ಲೂ ಹೆಸರು ಮಾಡಿದೆ. ಅದು ಹಳೆಯ ತಳಿ, ರುಚಿಕರ ತಳಿ, ಆದರೆ ಗೋಧಿಯೇ. ಸೀಲಿಯಾಕ್ ಇರುವವರಿಗೆ ಅದೂ ಕೂಡದು.

ಲೇಬಲ್ ನಿಜ ಹೇಳುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಲ್ಲಿ ಜನರಲ್ ಮಿಲ್ಸ್ ಕಂಪನಿ 18 ಲಕ್ಷ ಚೀರಿಯೋಸ್ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ವಾಪಸು ಕರೆಸಿಕೊಂಡಿತು. ಗ್ಲುಟೆನ್ ಫ್ರೀ ಎಂದು ಅಚ್ಚು ಹಾಕಿದ್ದ ಓಟ್ಸ್ ಅವು. ಕ್ಯಾಲಿಫೋರ್ನಿಯಾದ ಲೋಡಾಯ್ ಕಾರ್ಖಾನೆಗೆ ರೈಲು ಸಂಪರ್ಕ ಕೆಲಕಾಲ ನಿಂತಿದ್ದಾಗ ಹಿಟ್ಟನ್ನು ಲಾರಿಗಳಿಗೆ ವರ್ಗಾಯಿಸಿ ತಂದಿದ್ದರು. ಆ ಗಡಿಬಿಡಿಯಲ್ಲಿ ಓಟ್ಸ್ ಹಿಟ್ಟಿಗೆ ಗೋಧಿ ಹಿಟ್ಟು ಸೇರಿಬಿಟ್ಟಿತು. ಇದು ಅಚಾತುರ್ಯ. ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ನಡೆದದ್ದು ವಂಚನೆ. ಅಲ್ಲಿನ ಬ್ರೆಡ್ ವ್ಯಾಪಾರಿಯೊಬ್ಬ ಬೇರೆಡೆಯಿಂದ ಮಾಮೂಲಿ ಬ್ರೆಡ್ ತಂದು, ಹೊಸ ಪೊಟ್ಟಣಕ್ಕೆ ತುಂಬಿ, ಮನೆಯಲ್ಲೇ ಬೇಯಿಸಿದ ಗ್ಲುಟೆನ್ ಫ್ರೀ ಬ್ರೆಡ್ ಎಂದು ಮಾರಿದ. ತಿಂದವರು ಕಾಯಿಲೆ ಬಿದ್ದರು. 2011ರಲ್ಲಿ ನ್ಯಾಯಾಲಯ ಅವನಿಗೆ ವರ್ಷಗಟ್ಟಲೆ ಜೈಲು ವಿಧಿಸಿತು. ಆಹಾರದ ಮೇಲಿನ ಸುಳ್ಳನ್ನು ಅಷ್ಟು ಗಂಭೀರವಾಗಿ ಕಂಡ ತೀರ್ಪು ಅದು, ಅಷ್ಟು ಗಂಭೀರವಾಗಿ ಕಾಣಬೇಕಾದ ವಿಷಯವೂ ಹೌದು.

ನಮ್ಮಲ್ಲಿ ಅಷ್ಟು ದೂರ ಹೋಗುವುದೇ ಬೇಡ. ಕರ್ನಾಟಕದಲ್ಲಿ ಬಹುಪಾಲು ಆಹಾರಕ್ಕೆ ಲೇಬಲ್ಲೇ ಇಲ್ಲ. ಬೀದಿಯ ಕೊನೆಯ ಹಿಟ್ಟಿನ ಗಿರಣಿಯನ್ನೇ ನೋಡಿ. ಒಬ್ಬರು ಗೋಧಿ ಬೀಸಿಸಿಕೊಂಡು ಹೋದ ಮೇಲೆ ಮುಂದಿನವರ ರಾಗಿ ಅದೇ ಬಾಯಿಗೆ ಬೀಳುತ್ತದೆ. ಗಿರಣಿಯವರು ಹಿಟ್ಟು ಇಳಿಯುವ ಬಟ್ಟೆಯ ಚೀಲಕ್ಕೆ ಎರಡು ಏಟು ಕೊಟ್ಟು ಉಳಿದದ್ದನ್ನು ಉದುರಿಸುತ್ತಾರೆ. ಆದರೂ ಕಲ್ಲಿನ ಸಂದಿಯಲ್ಲಿ, ಚೀಲದ ನೇಯ್ಗೆಯಲ್ಲಿ, ಗೋಡೆಯಿಂದ ಗೋಡೆಗೆ ತೇಲುವ ಬಿಳಿ ಧೂಳಿನಲ್ಲಿ ಗೋಧಿ ಉಳಿದೇ ಇರುತ್ತದೆ. ಅಮೆರಿಕದಲ್ಲಿ 2010ರಲ್ಲಿ, ಸ್ವಭಾವತಃ ಗ್ಲುಟೆನ್ ಇಲ್ಲದ 22 ಬಗೆಯ ಧಾನ್ಯ, ಬೀಜ, ಹಿಟ್ಟುಗಳನ್ನು ಪರೀಕ್ಷಿಸಿದಾಗ ಏಳರಲ್ಲಿ 20ರ ಮಿತಿ ಮೀರಿದ ಗ್ಲುಟೆನ್ ಸಿಕ್ಕಿತ್ತು. ಸಿರಿಧಾನ್ಯದ ಹಿಟ್ಟೂ ಆ ಏಳರಲ್ಲಿತ್ತು. ಅಲ್ಲಿನ ದೊಡ್ಡ ಕಾರ್ಖಾನೆಗಳ ಪಾಡೇ ಹೀಗಿದ್ದರೆ ಒಂದೇ ಯಂತ್ರದಲ್ಲಿ ಎಲ್ಲ ಬೀಸುವ ಗಿರಣಿಯ ಹಿಟ್ಟನ್ನು ಕಣ್ಣು ಮುಚ್ಚಿ ನಂಬುವುದು ಹೇಗೆ? ಸೀಲಿಯಾಕ್ ಮಗು ಇರುವ ಮನೆಗೆ ಸುರಕ್ಷಿತ ದಾರಿ ಎಂದರೆ ರಾಗಿ, ಜೋಳ, ಅಕ್ಕಿಯನ್ನು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು. ಚಪಾತಿಯ ಲಟ್ಟಣಿಗೆ, ಹಿಟ್ಟಿನ ಜರಡಿ ಬೇರೆ ಇಡಬೇಕು. ಪೂರಿ ಕರಿದ ಎಣ್ಣೆಯಲ್ಲಿ ಅಕ್ಕಿ ಹಪ್ಪಳ ಕರಿಯಬಾರದು. ಈ ಕೆಲಸ ಹೆಚ್ಚಾಗಿ ತಾಯಂದಿರ ಮೇಲೆ ಬೀಳುತ್ತದೆ, ಮತ್ತು ಮನೆಯ ಹಿರಿಯರ ‘ಒಂದು ತುತ್ತಿಗೆ ಏನಾಗುತ್ತೆ ಬಿಡಮ್ಮಾ’ ಎಂಬ ಮಾತಿನ ನಡುವೆಯೇ ಅವರು ಅದನ್ನು ಮಾಡಬೇಕಾಗುತ್ತದೆ.

ಮನೆಯಾಚೆ ಇನ್ನೂ ಕಷ್ಟ. ಇಡ್ಲಿ ರವೆ ಅಕ್ಕಿಯದು, ರವೆ ಇಡ್ಲಿಯ ರವೆ ಗೋಧಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ಕಂಡುಕೊಂಡ ತಿಂಡಿ ಅದು. ಮದ್ದೂರು ವಡೆಗೆ ಅಕ್ಕಿ ಹಿಟ್ಟಿನ ಜತೆ ಮೈದಾ, ರವೆ ಬೀಳುತ್ತವೆ. ಕೋಡುಬಳೆ, ನಿಪ್ಪಟ್ಟಿಗೆ ಗರಿಗರಿಯಾಗಲೆಂದು ಸ್ವಲ್ಪ ಮೈದಾ ಸೇರಿಸುವವರಿದ್ದಾರೆ. ಕರಾವಳಿಯ ಗೋಳಿಬಜೆ, ಬನ್ಸ್ ಪೂರ್ತಿ ಮೈದಾ. ನೀರ್ ದೋಸೆ, ಅಕ್ಕಿ ಕಡುಬು, ಒತ್ತು ಶಾವಿಗೆಯಂಥವು ನಿರಾತಂಕ, ಅದೂ ಅಡುಗೆಯವರ ಸೌಟು ಅತ್ತಿತ್ತ ಓಡಾಡದಿದ್ದರೆ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಎಲ್ಲರ ಅಂಗೈಗೂ ಪ್ರಸಾದ ಬೀಳುವಾಗ ಒಂದು ಮಗು ಮಾತ್ರ ಬೇಡ ಎನ್ನಬೇಕಾಗುತ್ತದೆ. ಅಂಥ ಮಗುವಿಗೆ ಬಾಳೆಹಣ್ಣನ್ನೋ ಪಂಚಾಮೃತವನ್ನೋ ಕೊಟ್ಟು ಸಮಾಧಾನ ಮಾಡುವ ಪುರೋಹಿತರೂ, ಬಲವಂತ ಮಾಡುವ ನೆಂಟರೂ ಇದ್ದಾರೆ. ಕ್ಯಾಥೊಲಿಕ್ ಚರ್ಚಿನಲ್ಲೂ ಈ ಪ್ರಶ್ನೆ ಎದ್ದಿದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಪೂರ್ತಿ ಗ್ಲುಟೆನ್ ಇಲ್ಲದ್ದಾಗಿರಬಾರದು, ಬಹಳ ಕಡಿಮೆ ಇರುವುದನ್ನು ಬಳಸಬಹುದು ಎಂದು ವ್ಯಾಟಿಕನ್ 2017ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಈ ನಿಜವಾದ ಕಷ್ಟದ ಪಕ್ಕದಲ್ಲೇ ಗ್ಲುಟೆನ್ ಬಿಡುವ ಫ್ಯಾಷನ್ ಕೂಡ ಬೆಳೆದಿದೆ. 2010ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಪಂದ್ಯದ ನಡುವೆ ಕುಸಿದ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಅವರನ್ನು ಟಿವಿಯಲ್ಲಿ ಕಂಡ ವೈದ್ಯರೊಬ್ಬರು, ಮುಂದೆ ಅವರಿಗೆ ಗೋಧಿ ಬಿಡಿಸಿದರು. ಒಂದು ಕೈಯಲ್ಲಿ ಬ್ರೆಡ್ ತುಂಡನ್ನು ಹೊಟ್ಟೆಗೆ ಒತ್ತಿಹಿಡಿದಾಗ ಇನ್ನೊಂದು ಕೈ ಬಲಹೀನವಾಗುತ್ತದೆಯೇ ಎಂದು ನೋಡುವುದು ಅವರ ಪರೀಕ್ಷೆ. ವಿಜ್ಞಾನದಲ್ಲಿ ಅದಕ್ಕೆ ಆಧಾರವಿಲ್ಲ. ಆದರೆ ಜೊಕೊವಿಚ್ 2011ರ ಋತುವನ್ನು ಸತತ 41 ಗೆಲುವುಗಳಿಂದ ಆರಂಭಿಸಿ ಜಗತ್ತಿನ ಅಗ್ರ ಆಟಗಾರರಾದರು, ತಮ್ಮ ಆಹಾರಕ್ರಮದ ಬಗ್ಗೆ ಪುಸ್ತಕವನ್ನೂ ಬರೆದರು. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಗೋಧಿಯೇ ಬೊಜ್ಜಿನ ಮೂಲ ಎಂದು ಅದೇ ವರ್ಷ ಅಮೆರಿಕದಲ್ಲಿ ಬಂದ ‘ವೀಟ್ ಬೆಲ್ಲಿ’ ಪುಸ್ತಕವೂ ಲಕ್ಷಗಟ್ಟಲೆ ಓದುಗರನ್ನು ಮುಟ್ಟಿತು.

ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಆದರೆ ಸೀಲಿಯಾಕ್ ಇಲ್ಲ ಎನ್ನುವವರು ಇದ್ದಾರೆ, ಅವರ ತೊಂದರೆ ಸುಳ್ಳಲ್ಲ. ಅದಕ್ಕೆ ಗ್ಲುಟೆನ್ ಕಾರಣವೇ ಎಂಬುದು ಬೇರೆ ಮಾತು. ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ತಂಡ 2011ರಲ್ಲಿ ಗ್ಲುಟೆನ್ ಕಾರಣವಿರಬಹುದು ಎಂದಿತ್ತು. ಇನ್ನಷ್ಟು ಬಿಗಿಯಾದ ಪ್ರಯೋಗ ನಡೆಸಿ 2013ರಲ್ಲಿ ಅದೇ ತಂಡ ತನ್ನ ಮಾತನ್ನು ತಿದ್ದಿಕೊಂಡಿತು. ನಾರ್ವೆಯಲ್ಲಿ 59 ಜನರಿಗೆ ತಿಳಿಯದಂತೆ ಗ್ಲುಟೆನ್, ಫ್ರಕ್ಟಾನ್ ಎಂಬ ಸಕ್ಕರೆಸರಣಿ, ಎರಡೂ ಇಲ್ಲದ ತಿನಿಸು ಮೂರನ್ನೂ ಸರದಿಯಂತೆ ಕೊಟ್ಟು ನೋಡಿದ 2018ರ ಅಧ್ಯಯನದಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಅದು ಗೋಧಿಯಲ್ಲಿದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ಕಾರಣವಿಲ್ಲದೆ ಗ್ಲುಟೆನ್ ಬಿಟ್ಟರೆ ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೂ ಆಧಾರ ಸಿಕ್ಕಿಲ್ಲ. ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯನ್ನು ದಶಕಗಳ ಕಾಲ ಗಮನಿಸಿದ 2017ರ ವರದಿ ಅಂಥ ಲಾಭ ಕಾಣಲಿಲ್ಲ, ಇಡೀ ಧಾನ್ಯ ಬಿಟ್ಟರೆ ನಷ್ಟವಾದೀತು ಎಂದು ಎಚ್ಚರಿಸಿತು. ಗ್ಲುಟೆನ್ ಫ್ರೀ ಬ್ರೆಡ್, ಬಿಸ್ಕೆಟ್ಟುಗಳು ಹೆಚ್ಚಾಗಿ ಪಾಲಿಶ್ ಅಕ್ಕಿ, ಆಲೂಗೆಡ್ಡೆ, ಮರಗೆಣಸಿನ ಪಿಷ್ಟದವು. ನಾರು ಕಡಿಮೆ, ಬೆಲೆ ದುಬಾರಿ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿಯ ನಾಡಿನಲ್ಲಿ ಅವಕ್ಕೆ ಹಣ ಸುರಿಯುವ ಅಗತ್ಯ ನಿಜವಾದ ರೋಗಿಗೂ ಅಷ್ಟಾಗಿ ಇಲ್ಲ.

ಫ್ಯಾಷನ್ನಿನಿಂದ ಒಂದು ಹಾನಿಯಂತೂ ಆಗಿದೆ. ಹೋಟೆಲಿನಲ್ಲಿ ‘ಗ್ಲುಟೆನ್ ಇರಬಾರದು’ ಎಂದವರನ್ನು ತೂಕ ಇಳಿಸುವವರ ಸಾಲಿಗೆ ಸೇರಿಸಿಬಿಡುತ್ತಾರೆ. ದೋಸೆ ಹಿಟ್ಟಿಗೆ ಮೈದಾ ಹಾಕಿದ್ದೀರಾ ಎಂಬ ಪ್ರಶ್ನೆಗೆ ಅಡುಗೆಮನೆಗೆ ಹೋಗಿ ಕೇಳಿ ಬಂದು ಉತ್ತರ ಕೊಡುವವರು ಸಿಕ್ಕರೆ ಅದೃಷ್ಟ. ಇಟಲಿ 2005ರಲ್ಲಿ ಕಾನೂನು ಮಾಡಿ ಸೀಲಿಯಾಕ್ ಅನ್ನು ಸಾಮಾಜಿಕ ಕಾಯಿಲೆ ಎಂದು ಗುರುತಿಸಿತು. ಅಲ್ಲಿ ರೋಗಿಗಳಿಗೆ ಗ್ಲುಟೆನ್ ಇಲ್ಲದ ಆಹಾರ ಕೊಳ್ಳಲು ಸರ್ಕಾರ ತಿಂಗಳು ತಿಂಗಳು ನೆರವು ಕೊಡುತ್ತದೆ, ಶಾಲೆ ಆಸ್ಪತ್ರೆಗಳ ಊಟದಲ್ಲಿ ಅವರಿಗೆ ಬೇರೆ ವ್ಯವಸ್ಥೆ ಕೇಳುವ ಹಕ್ಕಿದೆ. ಪಾಸ್ತಾ, ಪಿಜ್ಜಾದ ದೇಶವೇ ಅಷ್ಟು ಮಾಡಿದೆ.

ಕರ್ನಾಟಕಕ್ಕೆ ತುರ್ತಾಗಿ ಬೇಕಾಗಿರುವುದು ಓದಲು ಬರುವ ಲೇಬಲ್. ದೇಶದ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ತಯಾರಕರ ಇಚ್ಛೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಡಿ, ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರಲ್ಲಿ ಸೂಚಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಹೆಸರು ಕನ್ನಡದಲ್ಲಿದ್ದು ಒಳಗೇನಿದೆ ಎಂಬುದು ಮಾತ್ರ ಕನ್ನಡದಲ್ಲಿ ಇಲ್ಲದಿದ್ದರೆ ರೋಗಿಗೆ ಪ್ರಯೋಜನವಿಲ್ಲ. ಹಾವೇರಿಯ ಹಳ್ಳಿಯ ತಾಯಿ ‘ಸೆಮೊಲಿನಾ’ ಎಂದರೆ ರವೆ, ‘ರಿಫೈನ್ಡ್ ವೀಟ್ ಫ್ಲೋರ್’ ಎಂದರೆ ಮೈದಾ, ‘ಮಾಲ್ಟ್ ಎಕ್ಸ್‌ಟ್ರಾಕ್ಟ್’ ಎಂದರೆ ಬಾರ್ಲಿಯ ರಸ ಎಂದು ಇಂಗ್ಲಿಷ್ ಅಕ್ಷರದಿಂದ ಬಿಡಿಸಿಕೊಂಡು ಮಗುವನ್ನು ಕಾಯಬೇಕು ಎನ್ನುವುದು ಅವಳ ಮೇಲೆ ಹೊರಿಸಿದ ಅನ್ಯಾಯದ ಹೊರೆ. ಇಡೀ ಪೊಟ್ಟಣವನ್ನು ಭಾಷಾಂತರಿಸುವುದು ತಡವಾದರೂ ಆಗಲಿ. ‘ಕಂಟೇನ್ಸ್’ ಸಾಲೊಂದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಲು ಅರ್ಧ ಅಂಗುಲ ಜಾಗ ಸಾಕು. ಇಂಗಿನ ಡಬ್ಬಿಯಲ್ಲೂ ಅಷ್ಟು ಜಾಗ ಇದೆ.

ಕೊನೆಗೆ ಪರೀಕ್ಷೆಯ ವಿಚಾರ. ಇಲ್ಲಿ ಜನ ಮಾಡುವ ತಪ್ಪು ಒಂದೇ ಬಗೆಯದು. ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟು, ತಿಂಗಳುಗಳಾದ ಮೇಲೆ ವೈದ್ಯರ ಬಳಿ ಹೋಗುತ್ತಾರೆ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿನ್ನುತ್ತಿರುವ ರೋಗಿಯ ದೇಹದಲ್ಲಿ ಏಳುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ಅವು ಇಳಿದುಹೋಗುತ್ತವೆ, ಕರುಳಿನ ಎಳೆಗಳು ಚಿಗುರತೊಡಗುತ್ತವೆ, ಕಾಯಿಲೆ ಇದ್ದರೂ ವರದಿ ಇಲ್ಲ ಎನ್ನಬಹುದು. ಆದ್ದರಿಂದ ಪರೀಕ್ಷೆ ಮುಗಿಯುವ ತನಕ ಮಾಮೂಲಿ ಊಟ ನಡೆಯಬೇಕು. ರಕ್ತಪರೀಕ್ಷೆಯಲ್ಲಿ ಕಂಡರೆ ಎಂಡೊಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಸಾಮಾನ್ಯವಾಗಿ ಖಚಿತಪಡಿಸಿಕೊಳ್ಳುತ್ತಾರೆ. ಪಥ್ಯ ಶುರುವಾದ ಮೇಲೆ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ದೊಡ್ಡವರ ಕರುಳು ಮೊದಲಿನಂತಾಗಲು ವರ್ಷಗಳೇ ಬೇಕಾಗಬಹುದು. ಒಬ್ಬರಿಗೆ ಕಾಯಿಲೆ ಖಚಿತವಾದ ಮನೆಯಲ್ಲಿ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಅದೇ ಕಾಯಿಲೆ ಇರುತ್ತದೆ. ಹೊಟ್ಟೆಯ ತೊಂದರೆ ಇಲ್ಲದಿದ್ದರೂ ಅವರೆಲ್ಲ ಆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.